ನೆಂಟರಿಷ್ಟರ ದಂಡು ಕಟ್ಟಿಕೊಂಡು ಪೆಂಗ್ವಿನ್ ನೋಡಲು ಹೋಗುವವರಿಗೆ

ಊರಿಂದ ಬಂದ ಮಕ್ಕಳಿಗೆ ಮುಂಬೈಯಲ್ಲಿ ಸಮುದ್ರದ ಪ್ರಾಣಿಗಳನ್ನು ತೋರಿಸಬೇಕು ಅಂದುಕೊಂಡವರು ಮೊದಲು ಇದನ್ನು ತಿಳಿದುಕೊಳ್ಳಿ: ತಾರಾಪೋರ್‌ವಾಲಾ ಮತ್ಸ್ಯಾಲಯ ಈಗಿಲ್ಲ. ಚರ್ನಿ ರೋಡ್ ಹತ್ತಿರ ಮರೀನ್ ಡ್ರೈವ್‌ನಲ್ಲಿ 1951ರಲ್ಲಿ ಶುರುವಾಗಿದ್ದ ಆ ಅಕ್ವೇರಿಯಂ ಬಾಗಿಲು ಹಾಕಿ ವರ್ಷಗಳೇ ಆದವು. ಕಟ್ಟಡವೇ ಅಪಾಯದ ಸ್ಥಿತಿಗೆ ಬಂದಿತ್ತು. ಆದರೂ ಪ್ರವಾಸದ ಪಟ್ಟಿಗಳಲ್ಲಿ ಇನ್ನೂ ಅದರ ಹೆಸರು, ಸಮಯ, ಟಿಕೆಟ್ ದರ ಎಲ್ಲ ಹಾಗೇ ಇದೆ. ಕುಂದಾಪುರದಿಂದ ಬಂದ ನಮ್ಮ ದೊಡ್ಡತ್ತೆ ಮದುವೆಯಾದ ಹೊಸತರಲ್ಲಿ ಅಲ್ಲಿ ಆಮೆ ನೋಡಿದ್ದರಂತೆ. ಅದನ್ನೇ ಮೊಮ್ಮಕ್ಕಳಿಗೆ ತೋರಿಸುವ ಆಸೆ ಇಟ್ಟುಕೊಂಡು ಮತ್ಸ್ಯಗಂಧ ರೈಲು ಹತ್ತಿದ್ದರು. ಇಲ್ಲ ಅಂತ ಅವರಿಗೆ ಹೇಳುವಾಗ ನನಗೇ ಸಂಕಟವಾಯಿತು.

ಮಕ್ಕಳ ಪ್ರಶ್ನೆ ಬೇರೆ: ಡಾಲ್ಫಿನ್ ಶೋ ಎಲ್ಲಿ? ಮುಂಬೈಯಲ್ಲಿ ಮಾತ್ರವಲ್ಲ, ನಮ್ಮ ದೇಶದಲ್ಲಿ ಎಲ್ಲೂ ಇಲ್ಲ. ಡಾಲ್ಫಿನ್‌ಗಳನ್ನು ಕೊಳದಲ್ಲಿಟ್ಟು ಆಟ ಆಡಿಸುವ ಕೇಂದ್ರಗಳಿಗೆ ಅನುಮತಿ ಕೊಡಬಾರದು ಅಂತ ಕೇಂದ್ರ ಸರ್ಕಾರ 2013ರ ಮೇ ತಿಂಗಳಲ್ಲೇ ರಾಜ್ಯಗಳಿಗೆ ಹೇಳಿದೆ. ಅದಕ್ಕೂ ಮುಂಚೆ, 1998ರಲ್ಲಿ, ಬಲ್ಗೇರಿಯಾದಿಂದ ಚೆನ್ನೈ ಹತ್ತಿರಕ್ಕೆ ತರಿಸಿದ್ದ ಡಾಲ್ಫಿನ್‌ಗಳು ಕೆಲವೇ ತಿಂಗಳಲ್ಲಿ ಸತ್ತುಹೋಗಿದ್ದವು. ಇದನ್ನು ಮಕ್ಕಳಿಗೆ ಮನೆಯಲ್ಲೇ ಕೂರಿಸಿಕೊಂಡು ಹೇಳಿಬಿಡಿ. ಹುಬ್ಬಳ್ಳಿಯ ತಂಗಿ ಮಗಳು ಸ್ವಲ್ಪ ಹೊತ್ತು ಸಪ್ಪಗಿದ್ದಳು, ಆಮೇಲೆ ಶೋ ಇಲ್ಲದ್ದೇ ಒಳ್ಳೆಯದಾಯಿತು ಅಂದಳು. ನನ್ನ ಅಭಿಪ್ರಾಯವೂ ಅದೇ.

ಹಾಗಾಗಿ ಉಳಿದದ್ದು ಬೈಕುಲ್ಲಾದ ರಾಣಿಬಾಗ್, ಅಂದರೆ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ ಮತ್ತು ಪ್ರಾಣಿಸಂಗ್ರಹಾಲಯ. ಅಲ್ಲಿ ಹಂಬೋಲ್ಟ್ ಪೆಂಗ್ವಿನ್‌ಗಳಿವೆ.

ಎಲ್ಲರ ರಜೆ ಹೊಂದಿಕೊಂಡದ್ದು ಒಂದೇ ಭಾನುವಾರ. ಹುಬ್ಬಳ್ಳಿಯವರು ಶರಾವತಿ ರೈಲಿನಲ್ಲಿ ದಾದರಿಗೆ, ಕುಂದಾಪುರದವರು ಕುರ್ಲಾಕ್ಕೆ ಬಂದು, ಎಲ್ಲರೂ ಡೊಂಬಿವಲಿಯ ನಮ್ಮ ಮನೆಯಲ್ಲಿ ಸೇರಿದರು. ದೊಡ್ಡತ್ತೆಗೆ ಮೊಣಕಾಲು ನೋವು, ಚಿಕ್ಕ ಕೂಸು ಬೇರೆ ಇದೆ ಅಂತ ಒಂದು ಟೆಂಪೋ ಟ್ರಾವೆಲರ್ ಗೊತ್ತು ಮಾಡಿದೆವು. ಫೋನಿನಲ್ಲಿ ಮಾತಾಡಿದ್ದು ಇಡೀ ದಿನಕ್ಕೆ 7,500 ರೂಪಾಯಿ, ಟೋಲ್, ಪಾರ್ಕಿಂಗ್ ಎಲ್ಲ ಸೇರಿ. ಕೊನೆಗೆ ಕೈಗೆ ಬಂದ ಲೆಕ್ಕ 11,200. ಕಿಲೋಮೀಟರ್ ಎಣಿಸುವುದು ನಮ್ಮ ಮನೆಯಿಂದಲ್ಲ, ಅವರ ಗ್ಯಾರೇಜಿನಿಂದ ಗ್ಯಾರೇಜಿಗೆ ಅಂತೆ. ಗ್ಯಾರೇಜ್ ಇದ್ದದ್ದು ಪನ್ವೇಲ್ ಕಡೆ. ಡ್ರೈವರ್ ಭತ್ಯೆ ಬೇರೆ, ಎಸಿಗೆ ಬೇರೆ. ಅದೂ ಎಂಥ ಎಸಿ! ಸಾಯನ್‌ನಲ್ಲಿ ಗಾಡಿ ನಿಂತಾಗಲೆಲ್ಲ ಆಫ್ ಆಗುತ್ತಿತ್ತು. ಹಿಂದಿನ ಸೀಟಿನ ಕಿಟಕಿ ತೆರೆಯುತ್ತಿರಲಿಲ್ಲ. ಕೂಸು ಅತ್ತೂ ಅತ್ತೂ ವಾಂತಿ ಮಾಡಿಕೊಂಡಿತು. ಗೇಟಿನ ಮುಂದೆ ನಮ್ಮನ್ನು ಇಳಿಸಿ, ಇಲ್ಲಿ ನಿಲ್ಲಿಸಲು ಬಿಡುವುದಿಲ್ಲ ಅಂತ ಹೇಳಿ ಡ್ರೈವರ್ ಹೊರಟುಹೋದ. ವಾಪಸ್ ಕರೆದಾಗ ಹತ್ತು ನಿಮಿಷ ಅಂದವನು ಬಂದದ್ದು ಮುಕ್ಕಾಲು ಗಂಟೆ ಕಳೆದ ಮೇಲೆ. ಅಷ್ಟು ಹೊತ್ತೂ ದೊಡ್ಡತ್ತೆ ಬಿಸಿಲಲ್ಲಿ ಫುಟ್‌ಪಾತ್ ಕಟ್ಟೆಯ ಮೇಲೆ ಕೂತಿದ್ದರು. ಗಾಡಿ ಮಾಡುವುದೇ ಆದರೆ ಕಿಲೋಮೀಟರ್ ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ವಾಟ್ಸಾಪ್‌ನಲ್ಲಿ ಬರೆಸಿಕೊಳ್ಳಿ. ಬಾಯಿಮಾತಿಗೆ ಬೆಲೆಯಿಲ್ಲ.

ಟಿಕೆಟ್ ವಿಷಯದಲ್ಲಿ ಮಾತ್ರ ಯಾರೂ ಮೋಸ ಹೋಗಬೇಕಾಗಿಲ್ಲ. ನಾವು ಹೋದಾಗ ದೊಡ್ಡವರಿಗೆ 50, ಮಕ್ಕಳಿಗೆ 25 ರೂಪಾಯಿ. ಅಪ್ಪ, ಅಮ್ಮ, ಇಬ್ಬರು ಮಕ್ಕಳು ಇರುವ ಕುಟುಂಬಕ್ಕೆ ಒಟ್ಟಿಗೆ 100. ದೊಡ್ಡ ಗುಂಪಿನವರು ಎಲ್ಲರಿಗೂ ಒಂದೇ ಸಲ ಬಿಡಿಬಿಡಿ ಟಿಕೆಟ್ ತೆಗೆಯುವ ಬದಲು ಒಂದೊಂದು ಸಂಸಾರವೂ ತನ್ನದನ್ನು ತೆಗೆದುಕೊಳ್ಳಲಿ, ಸಂಸಾರಕ್ಕೆ 50 ರೂಪಾಯಿ ಉಳಿಯುತ್ತದೆ. ಬುಧವಾರ ರಜೆ, ಆ ದಿನ ಹೋಗಬೇಡಿ.

ಭಾನುವಾರವೂ ಹೋಗಬೇಡಿ ಅನ್ನುತ್ತೇನೆ. ಗೇಟಿನಲ್ಲಿ ಒಂದು ಸಾಲು, ಪೆಂಗ್ವಿನ್ ಕಟ್ಟಡದ ಮುಂದೆ ಅದಕ್ಕಿಂತ ಉದ್ದದ ಇನ್ನೊಂದು ಸಾಲು. ನನಗೆ ಜನಜಂಗುಳಿ ಆಗುವುದಿಲ್ಲ, ಲೋಕಲ್ ರೈಲಿನಲ್ಲಿ ಇಷ್ಟು ವರ್ಷ ಓಡಾಡಿದರೂ ಆಗುವುದಿಲ್ಲ. ಬೆನ್ನಿಗೆ ಯಾರದ್ದೋ ಬ್ಯಾಗು, ಕಾಲಿನ ಮೇಲೆ ಯಾರದ್ದೋ ಸ್ಟ್ರಾಲರ್. ಒಂದೂವರೆ ಗಂಟೆ ನಿಂತು ಒಳಗೆ ಹೋದರೆ ಗಾಜಿನ ಮುಂದೆ ಎರಡು ನಿಮಿಷ ನಿಲ್ಲುವಷ್ಟರಲ್ಲಿ ಸೀಟಿ ಊದಿ ಮುಂದೆ ಸಾಗಿಸುತ್ತಾರೆ. ಗಾರ್ಡ್‌ಗಳ ತಪ್ಪೇನೂ ಇಲ್ಲ, ಹಿಂದೆ ಅಷ್ಟು ಜನ ಕಾಯುತ್ತಿರುತ್ತಾರೆ. ಮುಂದಿನ ಮಂಗಳವಾರ ಬೆಳಿಗ್ಗೆ ನನ್ನ ತಂಗಿ ಮಕ್ಕಳನ್ನು ಮತ್ತೆ ಕರೆದುಕೊಂಡು ಹೋದಳು. ಬಾಗಿಲು ತೆರೆದ ಸ್ವಲ್ಪ ಹೊತ್ತಿಗೇ ತಲುಪಿದ್ದಳು. ಸಾಲೇ ಇರಲಿಲ್ಲವಂತೆ, ಮಕ್ಕಳು ಗಾಜಿಗೆ ಮೂಗು ಒತ್ತಿ ಸಾಕು ಅನ್ನುವಷ್ಟು ನೋಡಿದರಂತೆ.

ನೋಡಬೇಕಾದದ್ದೇ ಅವು. 2016ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಿಂದ ಎಂಟು ಪೆಂಗ್ವಿನ್‌ಗಳನ್ನು ತಂದರು, ಅದರಲ್ಲಿ ಒಂದು ಅದೇ ವರ್ಷ ಸತ್ತಿತು. 2017ರ ಮಾರ್ಚ್‌ನಲ್ಲಿ ಜನರಿಗೆ ನೋಡಲು ಬಿಟ್ಟರು. ಆಮೇಲೆ ಇಲ್ಲೇ ಮರಿಗಳೂ ಹುಟ್ಟಿ ಬೆಳೆದಿವೆ. ಇವು ಹಿಮದಲ್ಲಿ ಬದುಕುವ ಜಾತಿಯಲ್ಲ, ಪೆರು ಮತ್ತು ಚಿಲಿಯ ಕರಾವಳಿಯವು. ಅಲ್ಲಿ ಕಡಲ ಪ್ರವಾಹ ತಣ್ಣಗೆ, ದಡ ಬೆಚ್ಚಗೆ. ಕೊಕ್ಕಿನ ಬುಡದಲ್ಲಿ, ಕಣ್ಣಿನವರೆಗೆ, ಗುಲಾಬಿ ಬಣ್ಣದ ಬೋಳು ಚರ್ಮ ಕಾಣುತ್ತದಲ್ಲ, ಮೈಯ ಬಿಸಿ ಹೊರಹೋಗುವುದು ಅಲ್ಲಿಂದ. ದೊಡ್ಡತ್ತೆ ಗಾಜಿನ ಹತ್ತಿರ ಬಾಗಿದಾಗ ಒಂದು ಪೆಂಗ್ವಿನ್ ನೀರೊಳಗಿಂದ ನೇರ ಅವರ ಮುಖದ ಮುಂದೆ ಬಂದು ನಿಂತಿತು. ಅವರು ಕೈ ಸರಿಸಿದ ಕಡೆಗೆ ಅದೂ ಸರಿಯಿತು, ಹಸಿರು ಬಳೆಗಳನ್ನೇ ನೋಡುತ್ತಿತ್ತು ಅನಿಸುತ್ತದೆ. ರೆಕ್ಕೆ ಬೀಸಿದಾಗ ಪುಕ್ಕದ ಸಂದಿನಿಂದ ಗುಳ್ಳೆಗಳ ಒಂದು ಎಳೆ ಎದ್ದಿತು. ದಡದಲ್ಲಿ ಕುಂಟುತ್ತಾ ನಡೆಯುವ ಹಕ್ಕಿ ನೀರಿಗೆ ಬಿದ್ದ ಕೂಡಲೇ ಬಾಣ. ಸೀಟಿ ಊದಿದರೂ ಅತ್ತೆ ಕದಲಲಿಲ್ಲ, ಗಾರ್ಡ್ ಕೂಡ ಸುಮ್ಮನಾದ. ಹೊರಗೆ ಬಂದ ತಕ್ಷಣ ಕನ್ನಡಕ ಪೂರ್ತಿ ಮಂಜಾಗುತ್ತದೆ. ವಯಸ್ಸಾದವರ ಕೈ ಹಿಡಿದುಕೊಳ್ಳಿ, ಅಲ್ಲೇ ಮೆಟ್ಟಿಲಿದೆ.

ಉಳಿದ ಪ್ರಾಣಿಗಳನ್ನು ಬೇಗಬೇಗ ನೋಡಿದೆವು. ಹಳೆಯ ಮರಗಳ ನೆರಳು ಮಾತ್ರ ಬಹಳ ಚೆನ್ನಾಗಿದೆ. ಪಕ್ಕದ ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯದ ಅಂಗಳದಲ್ಲಿ ಘಾರಾಪುರಿಯಿಂದ ತಂದ ಕಲ್ಲಾನೆ ನಿಂತಿದೆ. ಘಾರಾಪುರಿ ದ್ವೀಪಕ್ಕೆ ಎಲಿಫೆಂಟಾ ಅನ್ನುವ ಹೆಸರು ಬಂದದ್ದೇ ಆ ಆನೆಯಿಂದ, ಐದು ನಿಮಿಷ ಕೊಡಿ.

ಊಟಕ್ಕೆ ಪ್ರಾಣಿಸಂಗ್ರಹಾಲಯದ ಒಳಗೆ ದುಡ್ಡು ಸುರಿಯಬೇಡಿ. ಮಾಟುಂಗಾಕ್ಕೆ ಹೋಗಿ. ಸ್ಟೇಷನ್ನಿನ ಪೂರ್ವ ಬದಿಗೆ ಅಂಟಿಕೊಂಡ ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇದೆ, 1942ರಿಂದ ನಡೆಯುತ್ತಿದೆ. ಬಾಳೆಲೆ ಹಾಸಿ ಬಡಿಸುತ್ತಾರೆ. ಬಿಸಿ ಅನ್ನದ ಮೇಲೆ ತಿಳಿಸಾರು ಬಿದ್ದಾಗ ಬಂದ ಒಗ್ಗರಣೆ ಘಮಕ್ಕೆ, ಬೆಳಗಿನಿಂದ ಏನೂ ತಿನ್ನದ ಕೂಸು ಕೂಡ ಬಾಯಿ ತೆರೆಯಿತು. ಎರಡು ಬಗೆ ಪಲ್ಯ, ಸಾಂಬಾರ್, ಹಪ್ಪಳ, ಗಟ್ಟಿ ಮೊಸರು. ಬಡಿಸುವವರು ಎಲೆ ಖಾಲಿಯಾಗಲು ಬಿಡುವುದಿಲ್ಲ, ಆದರೆ ಬೇಡ ಅಂದದ್ದನ್ನು ಒತ್ತಾಯದಿಂದ ಹಾಕಿ ದಂಡ ಮಾಡುವುದೂ ಇಲ್ಲ. ದೊಡ್ಡತ್ತೆ ಕನ್ನಡದಲ್ಲೇ ಇನ್ನೊಂದು ಸೌಟು ಸಾರು ಕೇಳಿದರು, ಕನ್ನಡದಲ್ಲೇ ಉತ್ತರ ಬಂತು. ಮುಂಬೈಗೆ ಬಂದ ಮೇಲೆ ಅವರು ಮೊದಲ ಸಲ ಹೊಟ್ಟೆ ತುಂಬ ಉಂಡರು. ನಾವೆಲ್ಲ ಕೂಡಿ ಉಂಡ ಊಟಕ್ಕೆ ಆದ ಖರ್ಚು, ಟೆಂಪೋದವನು ಹೆಚ್ಚಿಗೆ ಕಿತ್ತುಕೊಂಡದ್ದಕ್ಕಿಂತ ಕಡಿಮೆ. ಭಾನುವಾರ ಮೆಟ್ಟಿಲ ಮೇಲೂ ಕಾಯಬೇಕು. ಮೊಣಕಾಲು ನೋವಿನವರನ್ನು ಕೆಳಗೆ ಕೂರಿಸಿ, ಸರದಿ ಬಂದಾಗ ಕರೆಯಿರಿ.

ಟೆಂಪೋವನ್ನು ಅಲ್ಲೇ ಬಿಟ್ಟು ಲೋಕಲ್‌ನಲ್ಲಿ ಮನೆಗೆ ಬಂದೆವು, ಅದೇ ಆರಾಮವಾಯಿತು. ಡೊಂಬಿವಲಿ, ಠಾಣೆ ಕಡೆಯವರು ಹೋಗುವಾಗಲೂ ಬೆಳಗಿನ ಗದ್ದಲ ಇಳಿದ ಮೇಲೆ ಫಾಸ್ಟ್ ಲೋಕಲ್ ಹಿಡಿಯಿರಿ, ಬೈಕುಲ್ಲಾದಲ್ಲಿ ನಿಲ್ಲುತ್ತದೆ. ಪೂರ್ವಕ್ಕೆ ಇಳಿದು ವಯಸ್ಸಾದವರನ್ನು ಟ್ಯಾಕ್ಸಿಯಲ್ಲಿ ಕೂರಿಸಿ, ಉಳಿದವರು ನಡೆದೇ ಹೋಗಬಹುದು. ಊಟಕ್ಕೆ ಹೊರಟಾಗ ಸ್ಲೋ ಗಾಡಿಯೇ ಬೇಕು, ಫಾಸ್ಟ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಭಾನುವಾರ ಬಿಟ್ಟು ಬೇರೆ ದಿನ ಆಗುವುದೇ ಇಲ್ಲ ಅನ್ನುವವರು ಶನಿವಾರ ರಾತ್ರಿಯೇ ಮೆಗಾ ಬ್ಲಾಕ್, ಅಂದರೆ ಹಳಿ ದುರಸ್ತಿಗೆ ಲೈನ್ ಮುಚ್ಚುವುದು, ಯಾವ ಲೈನಿನಲ್ಲಿ ಅಂತ ನೋಡಿಕೊಳ್ಳಿ. ಮಾಟುಂಗಾ-ಮುಲುಂಡ್ ನಡುವೆ ಬ್ಲಾಕ್ ಇದ್ದರೆ ನಡುಮಧ್ಯಾಹ್ನ ಗಾಡಿಗಳು ತಡ, ಕೆಲವು ಸ್ಟೇಷನ್‌ಗಳಲ್ಲಿ ನಿಲ್ಲುವುದೂ ಇಲ್ಲ. ಸಂಜೆ ನಾಲ್ಕು ದಾಟಿದ ಮೇಲೆ ಹತ್ತಿ.