ಕುದಿಸಿದರೂ ಹೋಗದ ನೈಟ್ರೇಟ್

ತಂಗಿಯ ಬಾಣಂತನಕ್ಕೆ ಅಂತ ಕೋಲಾರ ಜಿಲ್ಲೆಯ ನಮ್ಮೂರಿಗೆ ಹೋಗಿದ್ದೆ. ಎದೆಹಾಲು ಸಾಲದೆ ಮಗುವಿಗೆ ಡಬ್ಬಿ ಹಾಲು ಶುರುವಾಗಿತ್ತು. ಹಾಲಿನ ಪುಡಿ ಕಲಸಲು ಅಮ್ಮ ಮನೆಯ ಬೋರ್ ನೀರನ್ನೇ ಕೊತಕೊತ ಕುದಿಸಿ, ಸೋಸಿ, ಫ್ಲಾಸ್ಕಿಗೆ ತುಂಬುತ್ತಿದ್ದಳು. ಕಾಯಿನ್ ಹಾಕಿದರೆ ಕ್ಯಾನ್ ತುಂಬುವ ಶುದ್ಧ ನೀರಿನ ಘಟಕ ಊರಲ್ಲೇ ಇದೆ. ಆದರೆ ಅಮ್ಮನಿಗೆ ಆ ನೀರು ಸಪ್ಪೆ.

ಅವತ್ತು ಸ್ವಸಹಾಯ ಸಂಘದ ಅಕ್ಕ ಒಬ್ಬರು ನೀರು ಪರೀಕ್ಷೆಯ ಕಿಟ್ ಹಿಡಿದು ಬಂದರು. ಜಲ ಜೀವನ್ ಮಿಷನ್‌ನಲ್ಲಿ ಊರಿನ ಹೆಂಗಸರಿಗೇ ಈ ಕೆಲಸ ಕಲಿಸಿದ್ದಾರೆ. ಜಗಲಿ ಮೇಲೆ ಕೂತು ಸಣ್ಣ ಕೊಳವೆಗೆ ನಮ್ಮ ಬೋರ್ ನೀರು ತುಂಬಿದರು, ಪುಡಿ ಹಾಕಿದರು, ಮುಚ್ಚಳ ಬಿಗಿದು ಅಲ್ಲಾಡಿಸಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ತಳದಿಂದ ನಸುಗೆಂಪು ಏರತೊಡಗಿತು. ನೋಡ್ತಾ ನೋಡ್ತಾ ಗಾಢ ಗುಲಾಬಿ. ಬಣ್ಣದ ಕಾರ್ಡಿನ ಪಕ್ಕ ಹಿಡಿದರೆ 45ರ ಚೌಕವನ್ನು ಯಾವಾಗಲೋ ದಾಟಿತ್ತು. ಲೀಟರಿಗೆ 45 ಮಿಲಿಗ್ರಾಂ, ನಮ್ಮ ದೇಶದಲ್ಲಿ ಕುಡಿಯುವ ನೀರಿನ ನೈಟ್ರೇಟ್‌ಗೆ ಅದೇ ಮಿತಿ. ಸಗಣಿ, ಮಲ, ಗೊಬ್ಬರದಿಂದ ನೀರಿಗೆ ಸೇರುವ ಸಾರಜನಕದ ಲವಣ ಅದು.

"ನಾವು ಕುದಿಸೇ ಕೊಡ್ತೀವಲ್ಲಮ್ಮ" ಅಂದಳು ಅಮ್ಮ.

"ಸಾರು ಬತ್ತಿದಷ್ಟೂ ಉಪ್ಪು ಜಾಸ್ತಿ ಆಗಲ್ವಾ ದೊಡ್ಡಮ್ಮ? ಇದೂ ಹಂಗೇ. ಮಗೂಗೆ ಈ ನೀರು ಬೇಡ, ಇವತ್ತಿಂದಾನೇ ಬೇಡ."

ಅಮ್ಮ ಮಾತಾಡಲಿಲ್ಲ. ಒಳಗೆ ಹೋಗಿ ಫ್ಲಾಸ್ಕು ಖಾಲಿ ಮಾಡಿದಳು.

ಆರು ತಿಂಗಳೊಳಗಿನ ಕೂಸುಗಳ ಹೊಟ್ಟೆಯಲ್ಲಿ ನೈಟ್ರೇಟ್ ಸುಲಭವಾಗಿ ನೈಟ್ರೈಟ್ ಆಗುತ್ತದೆ. ಆಗ ರಕ್ತ ಆಮ್ಲಜನಕ ಹೊರುವುದು ಕಡಿಮೆಯಾಗಿ ತುಟಿ, ಉಗುರು ನೀಲಿಗಟ್ಟುತ್ತವೆ. 1945ರಲ್ಲಿ ಅಮೆರಿಕದ ಅಯೋವಾದ ವೈದ್ಯ ಹಂಟರ್ ಕಾಮ್ಲಿ ಇದನ್ನು ಬರೆದಿಟ್ಟರು. ಅಲ್ಲೂ ರೈತರ ಮನೆ ಬಾವಿ, ಅಲ್ಲೂ ಆ ನೀರಲ್ಲಿ ಕಲಸಿದ ಹಾಲು. ಅದನ್ನು ಓದಿದ ಮೇಲೆ ರಾತ್ರಿಯಿಡೀ ಮಗುವಿನ ಬೆರಳು ನೋಡಿದ್ದೇ ನೋಡಿದ್ದು. ಪುಣ್ಯಕ್ಕೆ ಏನೂ ಆಗಿರಲಿಲ್ಲ.

ಎಲ್ಲಿಂದ ಬಂತು ಅಂತ ಹುಡುಕಿಕೊಂಡು ದೂರ ಹೋಗಬೇಕಿರಲಿಲ್ಲ. ಬೋರ್ ಪಕ್ಕದಲ್ಲೇ ಕೊಟ್ಟಿಗೆ, ಅದರಾಚೆ ತಿಪ್ಪೆ, ಹಿಂದೆ ಪಾಯಿಖಾನೆ ಗುಂಡಿ. ಮೇಲ್ಗಡೆ ಹಿಪ್ಪುನೇರಳೆ, ಟೊಮೆಟೊ ತೋಟಗಳು. ಬೆಳೆ ಸ್ವಲ್ಪ ಹಳದಿಯಾದರೂ ಯೂರಿಯಾ ಮೂಟೆ ಬಿಚ್ಚುತ್ತಾರೆ. ಬೆಳೆ ಹೀರದೆ ಬಿಟ್ಟದ್ದು ಮಳೆ ನೀರಿನ ಜೊತೆ ಬಂಡೆಯ ಬಿರುಕಿಗೆ ಇಳಿಯುತ್ತದೆ. ಇದೇನು ನಮ್ಮೊಬ್ಬರ ಕಥೆಯೂ ಅಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿ ನೋಡಿದರೆ, ಕರ್ನಾಟಕದ ಮಾದರಿಗಳಲ್ಲಿ ಶೇ. 48ರಷ್ಟು ಈ ಮಿತಿ ದಾಟಿವೆ. ಫ್ಲೋರೈಡ್ ಬಗ್ಗೆ ನಮ್ಮ ಕಡೆ ಎಲ್ಲರಿಗೂ ಗೊತ್ತು, ಹಲ್ಲು ನೋಡಿದರೇ ತಿಳಿಯುತ್ತೆ. ನೈಟ್ರೇಟ್‌ಗೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಹಾಗಾಗಿ ಅದರ ಬಗ್ಗೆ ಗಲಾಟೆಯೂ ಇಲ್ಲ.

ಮಗುವಿನ ಹಾಲಿಗೆ ಈಗ ಘಟಕದ ಆರ್‌ಒ ನೀರೇ, ಅದನ್ನೂ ಕುದಿಸಿಯೇ. ಅಪ್ಪ ತಿಪ್ಪೆಯನ್ನು ಹೊಲಕ್ಕೆ ಸಾಗಿಸಿದ್ದಾನೆ. ಗುಂಡಿ ಅಲ್ಲೇ ಇದೆ, ಅದನ್ನು ಎತ್ತಿ ಆಚೆ ಇಡೋಕಾಗಲ್ಲ. ಕ್ಯಾನ್ ತುಂಬಿಸಲು ಹೋದಾಗ ಇನ್ನೊಂದು ಕಂಡಿತು. ಘಟಕ ಸೋಸಿ ಬೇರ್ಪಡಿಸಿದ, ನೈಟ್ರೇಟ್ ಇನ್ನೂ ಹೆಚ್ಚಿರುವ ನೀರು ಪೈಪಿನಲ್ಲಿ ಹೊರಬಿದ್ದು, ಚರಂಡಿಯಲ್ಲಿ ಹರಿದು, ಊರ ಬೋರ್ ಪಕ್ಕದ ತಗ್ಗಿನಲ್ಲೇ ಇಂಗುತ್ತಿದೆ. ನೀರುಗಂಟಿಯನ್ನು ಕೇಳಿದೆ. "ಮೊದ್ಲಿಂದಾನೂ ಅಲ್ಲಿಗೇ ಬಿಡೋದಕ್ಕಾ" ಅಂದ. ಪಂಚಾಯ್ತಿಗೆ ಅರ್ಜಿ ಬರೆದು ಕೊಟ್ಟಿದ್ದೇನೆ. ಮುಂದಿನ ಗ್ರಾಮಸಭೆಯಲ್ಲಿ ಆ ಕಿಟ್ ಹಿಡಿದ ಅಕ್ಕನೇ ಇದನ್ನು ಎತ್ತುತ್ತಾರಂತೆ.