ದಿನಕ್ಕೊಮ್ಮೆ ತೋಟಕ್ಕೆ ಇಳಿದರೆ

ಶಿರಸಿ ಕಡೆ ನಮ್ಮಂಥವರ ಅಡಿಕೆ ತೋಟಗಳೆಲ್ಲ ಮನೆಯಿಂದ ಕೆಳಗೆ, ಕಣಿವೆಯಲ್ಲಿವೆ. ಹಾಗಾಗಿ ತೋಟಕ್ಕೆ ‘ಇಳಿಯುವುದು’ ಎಂದೇ ರೂಢಿ. ಮದ್ದು ಹೊಡೆಯುವಾಗ, ಗೊಬ್ಬರ ಹಾಕುವಾಗ, ಕೊನೆ (ಅಡಿಕೆಯ ಗೊನೆ) ಕೊಯ್ಯುವಾಗ ಎಲ್ಲರೂ ಇಳಿಯುತ್ತಾರೆ. ನಾನು ಹೇಳಹೊರಟಿರುವುದು ಯಾವ ಕೆಲಸವೂ ಇಲ್ಲದ ದಿನ ಇಳಿಯುವುದರ ಬಗ್ಗೆ. ನನ್ನ ಅನುಭವದಲ್ಲಿ ತೋಟ ಉಳಿಯುವುದು ಆ ದಿನಗಳಿಂದ.

ಮದುವೆಯಾಗಿ ಬಂದ ಹೊಸತರಲ್ಲಿ ನಾನು ತೋಟದಲ್ಲಿ ಕತ್ತು ಮೇಲೆತ್ತಿ ಕೊನೆಗಳನ್ನೇ ನೋಡುತ್ತಾ ನಡೆಯುತ್ತಿದ್ದೆ. ಅತ್ತೆ ಹೇಳಿದರು: “ತಂಗಿ, ಮೊದಲು ಕೆಳಗೆ ನೋಡು. ಮರದ ಸುದ್ದಿ ಬುಡದಲ್ಲಿ ಬಿದ್ದಿರುತ್ತದೆ.” ಆಷಾಢದ ಮಳೆಯಲ್ಲಿ ಈ ಮಾತಿನ ಬೆಲೆ ತಿಳಿಯುತ್ತದೆ. ಬುಡದಲ್ಲಿ ಹಸಿರು ಅಡಿಕೆ ಉದುರಿದ್ದರೆ ಎತ್ತಿಕೊಂಡು ತೊಟ್ಟಿನ ಕಡೆ ತಿರುಗಿಸಿ ನೋಡಬೇಕು. ಅಲ್ಲಿ ನೀರಿನಲ್ಲಿ ನೆನೆದಂತಹ ಕಡುಹಸಿರು ಕಲೆಯಿದ್ದು, ಕಾಯಿಯ ಹೊಳಪು ಮಾಸಿದ್ದರೆ ಅದು ಕೊಳೆ ರೋಗ. ಬಿಳಿ ಬೂಷ್ಟು ಬರುವವರೆಗೆ ಕಾಯುವಂತಿಲ್ಲ. ಮಳೆಹನಿ ಸಿಡಿದಂತೆಲ್ಲ ರೋಗ ಪಕ್ಕದ ಕೊನೆಗೆ, ಪಕ್ಕದ ಮರಕ್ಕೆ ಹೋಗುತ್ತದೆ. ಅದೇ ದಿನ ಆ ಒಂದು ಮರ ಹತ್ತಿಸಿ, ಕೆಟ್ಟ ಕೊನೆಯನ್ನು ಇಳಿಸಿ, ಉದುರಿದ್ದನ್ನೆಲ್ಲ ಹೆಕ್ಕಿ ತೋಟದಿಂದ ಹೊರಗೆ ಸಾಗಿಸಿದರೆ ಸುತ್ತಲಿನ ಮರಗಳು ಬದುಕಿಕೊಳ್ಳಲು ಅವಕಾಶವಿರುತ್ತದೆ. ವಾರ ಬಿಟ್ಟು ಹೋದವರಿಗೆ ಕಾಣುವುದು ನೆಲದ ತುಂಬ ಹಾಸಿದ ಅಡಿಕೆ.

ಮದ್ದು ಬೇಡವೆಂದು ನಾನು ಹೇಳುತ್ತಿಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ 1910ರಲ್ಲಿ ಕೊಳೆ ರೋಗದ ಬಗ್ಗೆ ಬರೆದು ಬೋರ್ಡೋ ದ್ರಾವಣವನ್ನು ಸೂಚಿಸಿದರು. ಇಂದಿಗೂ ನಾವು ನಂಬಿರುವುದು ಅದನ್ನೇ: 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, 40–45 ದಿನಗಳ ನಂತರ ಇನ್ನೊಂದು ಸಲ. ಆದರೆ ಎರಡನೆಯ ಮದ್ದಿನ ಹೊತ್ತಿಗೆ ಹೊಳವು, ಅಂದರೆ ಮಳೆ ಬಿಡುವು, ಸಿಗುವುದೇ ಕಷ್ಟ; ಮರ ಹತ್ತಿ ಮದ್ದು ಹೊಡೆಯುವ ಕೊನೆಗೌಡರು ಸಿಗುವುದು ಇನ್ನೂ ಕಷ್ಟ. ಆ ನಡುವಿನ ದಿನಗಳಲ್ಲಿ ತೋಟವನ್ನು ಕಾಯುವುದು ನಮ್ಮ ಕಣ್ಣೇ.

ತೋಟದ ಹೆಚ್ಚಿನ ನೀರು ಬಸಿದು ಹೋಗುವ ಬಸಿಗಾಲುವೆಯದೂ ಇದೇ ಕಥೆ. ಒಂದು ಅಡಿಕೆ ಹಾಳೆ, ಎರಡು ಸೋಗೆ (ಅಡಿಕೆಯ ಗರಿ) ಅಡ್ಡ ಬಿದ್ದರೆ ಸಾಕು, ರಾತ್ರಿಯ ಮಳೆಗೆ ನೀರು ಕಟ್ಟಿಕೊಂಡು ಬೇರು ಉಸಿರುಗಟ್ಟುತ್ತದೆ. ಬೆಳಿಗ್ಗೆ ಕಂಡರೆ ಕೈಯಿಂದ ಎಳೆದು ಹಾಕುವಷ್ಟೇ ಕೆಲಸ. ಕಾಳುಮೆಣಸಿನ ಬಳ್ಳಿಯನ್ನು ನೋಡುವಾಗ ನಾನು ಬಗ್ಗಿ ನೆಲಕ್ಕೆ ಹರಿದ ಕುಡಿಗಳ ಎಲೆಯನ್ನೇ ಮೊದಲು ನೋಡುತ್ತೇನೆ. ಸೊರಗು ರೋಗದ ಕಪ್ಪು ಚುಕ್ಕೆ ಹೆಚ್ಚಾಗಿ ಅಲ್ಲಿಂದಲೇ ಶುರುವಾಗುತ್ತದೆ. ಅಂತಹ ಕುಡಿಗಳನ್ನು ಮಳೆಗೆ ಮುಂಚೆಯೇ ಎತ್ತಿ ಕಟ್ಟುವುದೋ ಕತ್ತರಿಸುವುದೋ ಮಾಡಿದರೆ ಅರ್ಧ ಚಿಂತೆ ಕಡಿಮೆ.

ಚಳಿಗಾಲದಲ್ಲಿ ನೋಡಬೇಕಾದ್ದು ಬಿಸಿಲನ್ನು. ತೋಟದ ನೈಋತ್ಯದ ಅಂಚಿನಲ್ಲಿ ಒಂದು ದೊಡ್ಡ ಮರ ಬಿದ್ದರೆ ಅಲ್ಲಿಯ ಅಡಿಕೆ ಮರಗಳ ಕಾಂಡಕ್ಕೆ ಸಂಜೆಯ ಬಿಸಿಲು ನೇರ ಬಡಿಯುತ್ತದೆ. ಮೊದಲು ಹಳದಿ ಬಣ್ಣದ ಪಟ್ಟೆ, ಆಮೇಲೆ ಸೀಳು, ಕೆಲವು ವರ್ಷಗಳ ನಂತರ ಒಂದು ಗಾಳಿಗೆ ಮರ ಅಲ್ಲೇ ಮುರಿಯುತ್ತದೆ. ಹಳದಿ ಕಂಡಾಗಲೇ ಸೋಗೆ ಕಟ್ಟಿ ಮರೆ ಮಾಡಿದರೆ ಮರ ಉಳಿಯುತ್ತದೆ.

ಇಷ್ಟೆಲ್ಲ ಲಾಭ ತೋಟಕ್ಕಾಯಿತು. ನನಗಾದದ್ದೂ ಇದೆ. ಬೆಳಗಿನ ತಿಂಡಿಯ ಗಡಿಬಿಡಿ ಮುಗಿಸಿ, ಕಾಲಿಗೆ ಉಂಬಳ (ಜಿಗಣೆ) ಹತ್ತದಂತೆ ಸುಣ್ಣ ಹಚ್ಚಿಕೊಂಡು ಸಂಕ (ಕಾಲುಸೇತುವೆ) ದಾಟಿದರೆ ಮನೆಯ ಮಾತುಗಳೆಲ್ಲ ಹಿಂದೆ ಉಳಿಯುತ್ತವೆ. ಸಿಂಗಾರ (ಅಡಿಕೆಯ ಹೂಗೊಂಚಲು) ಒಡೆಯುವ ದಿನಗಳಲ್ಲಿ ಆ ಪರಿಮಳಕ್ಕಾಗಿಯೇ ಎರಡು ಸಲ ಹೋಗುತ್ತೇನೆ. ಬಾವಲಿ ಚೀಪಿ ಬಿಸಾಡಿದ ಹಣ್ಣಡಿಕೆ ಹೆಕ್ಕುವುದು, ಹಂದಿ ಎಲ್ಲಿ ನುಗ್ಗಿತೆಂದು ಹೆಜ್ಜೆ ಹುಡುಕುವುದು, ಬಾಳೆಗೊನೆ ಬಲಿಯಿತೇ ಎಂದು ಮುಟ್ಟಿ ನೋಡುವುದು: ಇದರಲ್ಲಿ ಹೊತ್ತು ಹೋದದ್ದು ತಿಳಿಯುವುದಿಲ್ಲ. ಮಂಡಿನೋವಿಗೆ ವೈದ್ಯರು ನಡೆಯಲು ಹೇಳಿದಾಗ ನಾನು ಬೇರೆ ದಾರಿ ಹುಡುಕಬೇಕಾಗಲಿಲ್ಲ.

ಊರು ಬಿಟ್ಟು, ತೋಟವನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಟ್ಟವರಿಗೂ ಒಂದು ಮಾತು. ಚೇಣಿ ಹಿಡಿದವರ ಲೆಕ್ಕ ಆ ವರ್ಷದ ಕೊನೆಗಳದ್ದು. ಬಸಿಗಾಲುವೆ, ಹೊಸ ಸಸಿ, ನೈಋತ್ಯದ ನೆರಳು ಆ ಲೆಕ್ಕದಲ್ಲಿ ಬರುವುದಿಲ್ಲ. ಹಬ್ಬಕ್ಕೆ ಬಂದಾಗ ಈ ಮೂರನ್ನು ನೀವೇ ಇಳಿದು ನೋಡಿ. ಕೈಯಲ್ಲೊಂದು ಕತ್ತಿಯಿರಲಿ, ಮಕ್ಕಳೂ ಜೊತೆಗಿರಲಿ.