ನೋವಿಗೆ ಅಂಕ ಕೇಳಿದರೆ ಸಾಲದು

ಬಾಯಿ, ಗಂಟಲು ಮತ್ತು ಕುತ್ತಿಗೆಯ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆದವರನ್ನು ನೋವು ನಿವಾರಣಾ ವಿಭಾಗದಲ್ಲಿ ನೋಡುವುದು ನನ್ನ ಕೆಲಸ. ಇವರಲ್ಲಿ ಹೆಚ್ಚಿನವರು ವಾರಕ್ಕೆ 5 ದಿನದಂತೆ 6ರಿಂದ 7 ವಾರ ರೇಡಿಯೇಷನ್ ತೆಗೆದುಕೊಂಡವರು; ಒಟ್ಟು ಪ್ರಮಾಣ ಸಾಮಾನ್ಯವಾಗಿ 60ರಿಂದ 70 ಗ್ರೇ (ದೇಹ ಹೀರಿಕೊಂಡ ವಿಕಿರಣವನ್ನು ಅಳೆಯುವ ಮಾನ). ಆಗ ಎದ್ದ ಬಾಯಿಹುಣ್ಣು ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಬಹುಮಟ್ಟಿಗೆ ಮಾಯುತ್ತದೆ. ಅದು ಮಾಯ್ದು ತಿಂಗಳುಗಳು ಕಳೆದರೂ "ಗಡ್ಡೆ ಹೋಗಿದೆ ಅಂತಾರೆ, ನೋವು ಮಾತ್ರ ಹಾಗೇ ಇದೆ" ಎನ್ನುತ್ತ ಬರುವವರು ಬಹಳ.

ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟು ಎಂದು ಕೇಳಿ ಚೀಟಿಯಲ್ಲಿ ಬರೆದುಕೊಳ್ಳುವುದು ನಮ್ಮಲ್ಲಿ ರೂಢಿ. ಆದರೆ "ಆರು" ಎಂದ ಇಬ್ಬರಲ್ಲಿ ಒಬ್ಬರಿಗೆ ಟವೆಲ್ ತಾಗಿದರೆ ಸಾಕು, ಕೆನ್ನೆ ಉರಿಯುತ್ತದೆ. ಇನ್ನೊಬ್ಬರಿಗೆ ಆಕಳಿಸಿದಾಗ ಮಾತ್ರ ದವಡೆಯಿಂದ ಕಿವಿಯವರೆಗೆ ಸೆಳೆಯುತ್ತದೆ. ಇಬ್ಬರಿಗೂ ಒಂದೇ ಮಾತ್ರೆ ಬರೆದುಕೊಟ್ಟರೆ ಒಬ್ಬರಿಗಂತೂ ಉಪಯೋಗವಾಗದು. ಹಾಗಾಗಿ ಅಂಕದ ಜೊತೆಗೆ ದಿನಚರಿಯನ್ನೂ ವಿಚಾರಿಸಬೇಕೆಂಬುದನ್ನು ಈ ಕೆಲಸವೇ ನನಗೆ ಕಲಿಸಿತು: ರೊಟ್ಟಿ ಅಗಿಯುತ್ತೀರೋ, ಸಾರಿನಲ್ಲಿ ನೆನೆಸಿ ನುಂಗುತ್ತೀರೋ? ಗಡ್ಡ ಹೆರೆಯುವಾಗ ಎಲ್ಲಿ ಕೈ ತಡೆಯುತ್ತದೆ? ಅಂಗಿ ತೊಡುವಾಗ ಯಾವ ತೋಳನ್ನು ಮೊದಲು ತೂರಿಸುತ್ತೀರಿ?

ಕೊನೆಯ ಪ್ರಶ್ನೆಗೆ ಕೆಲವರು ನಗುತ್ತಾರೆ. ಕುತ್ತಿಗೆಯ ಗ್ರಂಥಿಗಳನ್ನು ತೆಗೆಯುವ ಶಸ್ತ್ರಚಿಕಿತ್ಸೆಯಲ್ಲಿ ಹೆಗಲಿನ ಸ್ನಾಯುವಿಗೆ ಹೋಗುವ ನರಕ್ಕೆ ಪೆಟ್ಟಾಗಿದ್ದರೆ ಹೆಗಲು ಜೋತುಬಿದ್ದು ತೋಳು ಮೇಲೇಳದಂತಾಗುತ್ತದೆ. ಅದರ ಮೇಲೆ ರೇಡಿಯೇಷನ್‌ನಿಂದ ಕುತ್ತಿಗೆಯ ಚರ್ಮ ಮತ್ತು ಸ್ನಾಯು ಬಿಗಿದಿರುತ್ತವೆ. ರೋಗಿ ಇದನ್ನೆಲ್ಲ ಒಟ್ಟಾಗಿ "ಕತ್ತು ನೋವು" ಎನ್ನುತ್ತಾರೆ. ಇಲ್ಲಿ ಮುಖ್ಯವಾಗಿ ಬೇಕಾದದ್ದು ಫಿಜಿಯೋಥೆರಪಿ. ಗುಳಿಗೆಯದು ಅದಕ್ಕೆ ಒತ್ತಾಸೆಯಾಗಿ ನಿಲ್ಲುವ ಕೆಲಸ ಅಷ್ಟೆ.

ಇವೆಲ್ಲಕ್ಕೂ ಮೊದಲು ರೋಗ ಮರುಕಳಿಸಿಲ್ಲವೆಂಬುದನ್ನು ಖಚಿತಪಡಿಸಿಕೊಳ್ಳಬೇಕು. ಹೊಸದಾಗಿ ಶುರುವಾದ ಅಥವಾ ದಿನೇದಿನೇ ಏರುತ್ತಿರುವ ನೋವನ್ನು ಪರೀಕ್ಷೆ ಮಾಡಿಸದೆ "ರೇಡಿಯೇಷನ್‌ನದೇ" ಎಂದು ತಳ್ಳಿಹಾಕುವಂತಿಲ್ಲ. ರೋಗ ಮರುಕಳಿಸಿರಬಹುದೆಂಬ ಭಯದಿಂದಲೇ ಎಷ್ಟೋ ಮಂದಿ ಮನೆಯವರ ಮುಂದೆ ನೋವನ್ನು ಬಾಯಿಬಿಡುವುದಿಲ್ಲ.

ಉರಿ, ಜುಮುಗುಡುವಿಕೆ, ಶಾಕ್ ಹೊಡೆದಂಥ ಚುಚ್ಚು ನರದ ನೋವಿನ ಲಕ್ಷಣಗಳು. ಅದಕ್ಕೆ ಗ್ಯಾಬಪೆಂಟಿನ್, ಪ್ರಿಗ್ಯಾಬಲಿನ್‌ನಂಥ ಔಷಧಗಳನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸುತ್ತೇವೆ. ನಾರ್ಟ್ರಿಪ್ಟಿಲಿನ್ ಕೂಡ ಒಳ್ಳೆಯದೇ, ಆದರೆ ಅದು ಬಾಯಿ ಒಣಗಿಸುತ್ತದೆ. ಜೊಲ್ಲುಗ್ರಂಥಿಗಳು ಸುಟ್ಟು ನೀರಿನ ಬಾಟಲಿ ಇಲ್ಲದೆ ಹೊರಡಲಾಗದವರಿಗೆ ಅದನ್ನು ಬರೆಯುವಾಗ ನಾನು ಎರಡು ಸಲ ಯೋಚಿಸುತ್ತೇನೆ.

ದವಡೆ ಬಿಗಿತದ್ದು ಬೇರೆ ದಾರಿ. ಮೇಲಿನ ಮತ್ತು ಕೆಳಗಿನ ಮುಂಹಲ್ಲುಗಳ ನಡುವೆ 35 ಮಿಲಿಮೀಟರಿಗಿಂತ ಕಡಿಮೆ ತೆರವಿದ್ದರೆ ಬಿಗಿತವೆಂದು ಪರಿಗಣಿಸುತ್ತೇವೆ. ಮನೆಯಲ್ಲಾದರೆ ತಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಆ ಹಲ್ಲುಗಳ ನಡುವೆ ಹಿಡಿಸುತ್ತವೆಯೇ ಎಂದು ನೋಡಿಕೊಳ್ಳಬಹುದು. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆಯಾದ ಮೇಲೆ ಐಸ್‌ಕ್ರೀಮ್ ಕಡ್ಡಿಗಳ ಕಟ್ಟನ್ನು ಹಲ್ಲುಗಳ ನಡುವೆ ಇಟ್ಟು, ಸಹಿಸುವಷ್ಟು ಹೊತ್ತು ಹಿಡಿದು, ಕೆಲವು ದಿನಗಳಿಗೊಮ್ಮೆ ಒಂದೊಂದೇ ಕಡ್ಡಿ ಸೇರಿಸುತ್ತ ಹೋಗಬೇಕು. ಬಿಗಿತ ಗಟ್ಟಿಯಾದ ಮೇಲೆ ಇದರಿಂದ ಸಿಗುವ ಫಲ ಅಲ್ಪ. ರೇಡಿಯೇಷನ್ ನಡೆಯುತ್ತಿರುವಾಗಲೇ ಶುರುಮಾಡಿದವರಿಗೆ ಬಾಯಿ ತೆರೆಯುವ ಶಕ್ತಿ ಹೆಚ್ಚು ಉಳಿದಿರುತ್ತದೆ.

ಹಲ್ಲುನೋವನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ರೇಡಿಯೇಷನ್ ಬಿದ್ದ ದವಡೆಯ ಮೂಳೆಗೆ ರಕ್ತ ಸಂಚಾರ ಕಡಿಮೆಯಾಗಿರುವುದರಿಂದ, ಎಷ್ಟೋ ವರ್ಷಗಳ ನಂತರವೂ ಹಲ್ಲು ಕೀಳಿಸಿದ ಗಾಯ ಮಾಯದೆ ಮೂಳೆ ಕೊಳೆಯಬಹುದು. ಆದ್ದರಿಂದ ಯಾವ ಭಾಗಕ್ಕೆ ಎಷ್ಟು ಗ್ರೇ ಬಿದ್ದಿದೆ ಎಂಬ ಚಿಕಿತ್ಸಾ ಸಾರಾಂಶದ ಪ್ರತಿಯನ್ನು ಜೋಪಾನವಾಗಿಟ್ಟುಕೊಂಡು, ಊರಿನ ದಂತವೈದ್ಯರ ಕುರ್ಚಿಯಲ್ಲಿ ಕೂರುವ ಮುನ್ನ ಅದನ್ನು ಅವರ ಕೈಗೆ ಕೊಡಿ ಎಂದು ಪ್ರತಿಯೊಬ್ಬರಿಗೂ ಹೇಳಿ ಕಳಿಸುತ್ತೇನೆ.